ಬೇಳೆ ಬೇಯದ ನೀರು, ಬತ್ತುವ ಬಾವಿ: ಕಲ್ಲಿದ್ದಲು ಸೀಮೆಯಿಂದ ಬಂದ ಪ್ರಶ್ನೆಗಳು

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದಲೋ, ಮಹಾರಾಷ್ಟ್ರದ ವರ್ಧಾ ಕಣಿವೆಯಿಂದಲೋ, ಒಡಿಶಾದಿಂದಲೋ ಬರಬೇಕು. ಇಂಥ ಗಣಿ ಸೀಮೆಗಳಲ್ಲಿ ನೌಕರಿಗೆ, ಗುತ್ತಿಗೆ ಕೆಲಸಕ್ಕೆ, ಬೇಸಾಯಕ್ಕೆಂದು ನೆಲೆಸಿದ ಓದುಗರು ಬಾವಿ, ಬೋರ್‌ವೆಲ್ ನೀರಿನ ಬಗ್ಗೆ ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರು ಕನ್ನಡಿಯಷ್ಟು ತಿಳಿ. ಆದರೆ ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಬೇಯದು, ಸೋಪು ನೊರೆ ಬರದು. ಕುದಿಸಿ, ಆರಿಸಿ ಕುಡಿಯುತ್ತಿದ್ದೇವೆ. ಅಷ್ಟು ಸಾಕೇ, ಇಲ್ಲ ಆರ್‌ಒ ಹಾಕಿಸಬೇಕೇ? (ಮಂಚಿರ್ಯಾಲ ಜಿಲ್ಲೆ)

ಕುದಿಸಿದರೆ ರೋಗಾಣು ಸಾಯುತ್ತದೆ. ನಿಮ್ಮ ನೀರಿನ ತೊಂದರೆ ಅದಲ್ಲದಿರಬಹುದು.

ಕಲ್ಲಿದ್ದಲಿನ ಪದರದಲ್ಲೂ ಅದರ ಜೊತೆಗಿರುವ ಕಪ್ಪು ಜೇಡಿಗಲ್ಲಿನಲ್ಲೂ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ನೆಲದೊಳಗೆ ಗಾಳಿ ಸೋಕದಿರುವವರೆಗೆ ಅದು ಸುಮ್ಮನಿರುತ್ತದೆ. ಅಗೆದು ಹೊರಗೆ ಗುಡ್ಡೆ ಹಾಕಿದ ಮೇಲೆ ಗಾಳಿ, ಮಳೆ ಎರಡೂ ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಗೋದಾವರಿ, ವರ್ಧಾ, ದಾಮೋದರ ಕಣಿವೆಗಳ ಗೊಂಡ್ವಾನಾ ಎಂಬ ಬಹು ಹಳೆಯ ಕಾಲದ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಸುತ್ತಲಿನ ಕಲ್ಲಿನಲ್ಲಿ ಸುಣ್ಣದ ಅಂಶವೂ ಇರುವುದರಿಂದ ಆಮ್ಲ ಹುಟ್ಟಿದಲ್ಲೇ ಬಹುಮಟ್ಟಿಗೆ ತಣಿಯುತ್ತದೆ. ಹಾಗಾಗಿ ನೀರು ಹುಳಿಯಾಗುವುದಿಲ್ಲ, ಪಿಎಚ್ 7ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಆಮ್ಲವನ್ನು ತಣಿಸಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸಲ್ಫೇಟ್ ಆಗಿ ನೀರಿನಲ್ಲೇ ಉಳಿದುಬಿಡುತ್ತವೆ. ಬೇಳೆಯ ಸಿಪ್ಪೆ, ಕಣಗಳನ್ನು ಕಟ್ಟಿಹಿಡಿಯುವ ಪೆಕ್ಟಿನ್ನಿಗೆ ಈ ಕ್ಯಾಲ್ಸಿಯಂ ಅಂಟಿಕೊಂಡು ಬಿಗಿಯಾಗುವುದರಿಂದ ಬೇಳೆ ಬೇಯುವುದಿಲ್ಲ.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬನೇಟ್‌ನಿಂದ ಬಂದದ್ದು ಕುದಿಸಿದಾಗ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆಯಾಗಿ ಕೂರುತ್ತದೆ. ಸಲ್ಫೇಟ್‌ನಿಂದ ಬಂದದ್ದು ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ನಿಮ್ಮದು ಯಾವುದೆಂದು ಮನೆಯಲ್ಲೇ ನೋಡಬಹುದು. ಒಂದು ಲೀಟರ್ ನೀರನ್ನು 15 ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಒಂದು ಬಾಟಲಿಗೆ ಆ ನೀರು, ಇನ್ನೊಂದಕ್ಕೆ ಹಸಿ ನೀರು ಅಷ್ಟಷ್ಟೇ ಹಾಕಿ, ಮೈಸೋಪಿನ ಹೆರೆತವನ್ನು ಸಮನಾಗಿ ಬಿಟ್ಟು ಕುಲುಕಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಕುದಿಸಿದ ನೀರೂ ನೊರೆಯಿಲ್ಲದೆ ಮೊಸರಿನಂತೆ ಒಡೆದರೆ ಅದು ಸಲ್ಫೇಟ್ ಗಡಸು.

ಇಷ್ಟರಿಂದ ಯಂತ್ರ ಕೊಳ್ಳುವ ತೀರ್ಮಾನಕ್ಕೆ ಬರಬೇಡಿ, ನೀರನ್ನು ಲ್ಯಾಬಿಗೆ ಕೊಡಿ. ಮೋಟಾರನ್ನು 10–15 ನಿಮಿಷ ಓಡಿಸಿ ಪೈಪಿನ ಹಳೇ ನೀರು ಹೋಗಲಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಗಾಳಿಗುಳ್ಳೆ ಉಳಿಯದಂತೆ ಕಂಠಪೂರ್ತಿ ತುಂಬಿಸಿ. ಸಾಮಾನ್ಯ ಪರೀಕ್ಷೆಗೆ ಒಂದು ಲೀಟರ್ ಬೇಕು. ಕಬ್ಬಿಣ, ಮ್ಯಾಂಗನೀಸ್, ಸೀಸದಂಥ ಲೋಹಗಳಿಗೆ ಬೇರೆ ಬಾಟಲಿ ಇಡಿ, ಅದಕ್ಕೆ ಲ್ಯಾಬಿನವರೇ ನೈಟ್ರಿಕ್ ಆಮ್ಲ ಹಾಕಿ ಕೊಟ್ಟಿರಬೇಕು (ಈ ಬಾಟಲಿಯನ್ನು ತೊಳೆಯಬಾರದು). ಆಮ್ಲವಿಲ್ಲದ ಬಾಟಲಿಯಲ್ಲಿ ಕಬ್ಬಿಣ ದಾರಿಯಲ್ಲೇ ತುಕ್ಕಾಗಿ ತಳಕ್ಕಿಳಿಯುತ್ತದೆ, ವರದಿಯಲ್ಲಿ ‘ಕಬ್ಬಿಣ ಇಲ್ಲ’ ಎಂದು ಬರುತ್ತದೆ. ನಾವು ನೋಡುವ ತಪ್ಪು ವರದಿಗಳಲ್ಲಿ ಇದೇ ಹೆಚ್ಚು. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬಾಟಲಿಯನ್ನು ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಿ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಅದರಲ್ಲಿ ಲೀಟರಿಗೆ ಟಿಡಿಎಸ್ (ಕರಗಿದ ಒಟ್ಟು ಲವಣಾಂಶ) 500 ಮಿ.ಗ್ರಾಂ, ಒಟ್ಟು ಗಡಸುತನ 200, ಸಲ್ಫೇಟ್ 200 ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಕ್ರಮವಾಗಿ 2000, 600, 400ರವರೆಗೆ ಸಹಿಸಬಹುದು. ಫ್ಲೋರೈಡ್ 1.0 (ಗರಿಷ್ಠ 1.5), ನೈಟ್ರೇಟ್ 45. ನೈಟ್ರೇಟ್ ಕೇಳಿಯೇ ಮಾಡಿಸಿ, ಏಕೆಂದರೆ ಗಣಿಯಲ್ಲಿ ಸಿಡಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ, ಸಿಡಿಯದೆ ಉಳಿದದ್ದು ನೀರಿಗೆ ಕರಗುತ್ತದೆ. ವರದಿ ಕೈಗೆ ಬಂದಾಗ ಒಂದು ಲೆಕ್ಕ ಹಾಕಿ. ವಿದ್ಯುತ್ ವಾಹಕತೆಯನ್ನು 0.6ರಿಂದ 0.7ರಲ್ಲಿ ಗುಣಿಸಿದರೆ ಹೆಚ್ಚುಕಡಿಮೆ ಟಿಡಿಎಸ್ ಬರಬೇಕು. ವಾಹಕತೆ 1800 ಎಂದಿದ್ದು ಟಿಡಿಎಸ್ 700 ಎಂದಿದ್ದರೆ ಆ ವರದಿಯನ್ನು ನಂಬದೆ ಮತ್ತೆ ಮಾಡಿಸಿ.

ಇನ್ನು ಆರ್‌ಒ. ಟಿಡಿಎಸ್ 500ರೊಳಗಿದ್ದು ಬರೀ ಬೇಳೆ ಬೇಯದ ತೊಂದರೆಯಾದರೆ ಅದು ಬೇಡ. ಸಲ್ಫೇಟ್ 400 ದಾಟಿ ಜೊತೆಗೆ ಮೆಗ್ನೀಸಿಯಂ ಹೆಚ್ಚಿದ್ದರೆ ಹೊಸಬರಿಗೂ ಮಕ್ಕಳಿಗೂ ಭೇದಿ ಹಿಡಿಯಬಹುದು, ಆಗ ಕುಡಿಯುವಷ್ಟಕ್ಕೆ ಆರ್‌ಒ ಸರಿ. ಒಂದು ಲೀಟರ್ ಸಿಹಿನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಅದನ್ನು ನೆಲ ಒರೆಸಲು, ಕಕ್ಕಸಿಗೆ ಬಳಸಿ, ಗಿಡಕ್ಕೆ ಹಾಕಬೇಡಿ. ಕಬ್ಬಿಣವಿರುವ ನೀರನ್ನು ನೇರ ಬಿಟ್ಟರೆ ಆರ್‌ಒದ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಅಂಗಡಿಯವರು ಅಗ್ಗಕ್ಕೆ ಕೊಡುವ ‘ಸಾಫ್ಟ್‌ನರ್’ ಸುಣ್ಣವನ್ನು ತೆಗೆದು ಸೋಡಿಯಂ ಬಿಡುತ್ತದೆ. ಗಡಸುತನ 500 ಇದ್ದರೆ ಸುಮಾರು 230 ಮಿ.ಗ್ರಾಂ ಸೋಡಿಯಂ ಸೇರಿತೆಂದು ತಿಳಿಯಿರಿ. ಸ್ನಾನಕ್ಕೆ, ಬಟ್ಟೆಗೆ ಸರಿ. ರಕ್ತದೊತ್ತಡ ಇರುವವರ ಕುಡಿಯುವ ನೀರಿಗೆ ಅದು ಬೇಡ.

ಮನೆಗೆ ತೆಲಂಗಾಣದ ಕುಡಿಯುವ ನೀರಿನ ಯೋಜನೆಯಾದ ಮಿಷನ್ ಭಗೀರಥದ ನಲ್ಲಿ ಬರುತ್ತಿದ್ದರೆ ಕುಡಿಯಲು, ಬೇಳೆಗೆ ಅದನ್ನೇ ಮೀಸಲಿಡಿ. ಇಲ್ಲದಿದ್ದರೆ ನಮ್ಮ ಮೊದಲ ಸಲಹೆ ಮಳೆನೀರು. 100 ಚದರ ಮೀಟರ್ ಚಾವಣಿಗೆ 1,000 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದು 80,000 ಲೀಟರ್ ಸಿಗುತ್ತದೆ. ಐದು ಜನಕ್ಕೆ ದಿನಕ್ಕೆ 25 ಲೀಟರಿನಂತೆ ಎಂಟು ಒಣ ತಿಂಗಳಿಗೆ ಬೇಕಾದದ್ದು 6,000 ಲೀಟರ್ ಮಾತ್ರ. ಗಣಿ ಊರಿನ ಚಾವಣಿಯ ಮೇಲೆ ಕಲ್ಲಿದ್ದಲ ದೂಳು ಕೂತಿರುತ್ತದೆ. ಹಾಗಾಗಿ ಮಳೆ ಬಿಡುವು ಕೊಟ್ಟು ಬಂದಾಗಲೆಲ್ಲ ಮೊದಲ 200 ಲೀಟರನ್ನು ಹೊರಗೆ ಬಿಡಿ.

ಪ್ರಶ್ನೆ: ಊರ ಹತ್ತಿರ ಓಪನ್ ಕಾಸ್ಟ್ ಗಣಿ ಇದೆ. ಬಾವಿ ಈಗ ಮಾರ್ಚ್‌ನಲ್ಲೇ ತಳ ಕಾಣುತ್ತದೆ. ಗಣಿಯಿಂದ ಹೀಗಾಯಿತೋ, ಮಳೆ ಕಡಿಮೆಯಾಗಿಯೋ? ತಿಳಿಯುವುದು ಹೇಗೆ? ಬೋರ್ ಇನ್ನೂ ಆಳಕ್ಕೆ ಹೊಡೆಸಲೇ? (ವಣಿ, ಯವತ್ಮಾಳ ಜಿಲ್ಲೆ)

ಗಣಿಯ ಗುಂಡಿ ನಿಮ್ಮ ಬಾವಿಗಿಂತ ಎಷ್ಟೋ ಪಾಲು ಆಳ. ಅದರ ತಳ ಒಣಗಿರಬೇಕೆಂದು ಹಗಲೂ ರಾತ್ರಿ ನೀರೆತ್ತುತ್ತಾರೆ. ಸುತ್ತಲಿನ ನೀರು ಗುಂಡಿಯ ಕಡೆಗೆ ಇಳಿಜಾರಾಗುತ್ತದೆ. ನಿಮ್ಮ ಕಡೆ ಕಲ್ಲಿದ್ದಲಿನ ಬರಾಕರ್ ಪದರದ ಮೇಲೆ ಕಾಮ್ಠಿ ಮರಳುಗಲ್ಲಿದೆ. ಒಳ್ಳೆಯ ನೀರು ಹಿಡಿಯುವ ಕಲ್ಲು ಅದೇ, ಗಣಿಗಾರಿಕೆಯಲ್ಲಿ ಮೇಲ್ಮಣ್ಣೆಂದು ಮೊದಲು ತೆಗೆದುಹಾಕುವುದೂ ಅದನ್ನೇ. ಆದರೆ ನೀರು ಎಲ್ಲ ದಿಕ್ಕಿಗೂ ಒಂದೇ ಸಮನೆ ಇಳಿಯುವುದಿಲ್ಲ. ನಡುವೆ ಜೇಡಿಗಲ್ಲಿನ ಪದರವೋ ಬಿರುಕಿನ ಸಾಲೋ ಅಡ್ಡ ಬಂದರೆ ಗಣಿಗೆ ಹತ್ತಿರದ ಬಾವಿ ಉಳಿದು ದೂರದ್ದು ಬತ್ತುವುದುಂಟು. ‘ಪಕ್ಕದವನ ಬಾವಿಯಲ್ಲಿ ನೀರಿದೆಯಲ್ಲ’ ಎಂಬ ಮಾತು ಸಾಕ್ಷಿಯಾಗದು.

ಸಾಕ್ಷಿ ಬೇಕಿದ್ದರೆ ಅಳೆಯಬೇಕು. ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಿರಿ. ಟೇಪಿನ ತುದಿಗೆ ಭಾರ ಕಟ್ಟಿ, ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಇಳಿಬಿಡಿ. ಸುಣ್ಣ ಒದ್ದೆಯಾದ ಗೆರೆ ನೀರಿನ ಮಟ್ಟ ಹೇಳುತ್ತದೆ. ಓದಿದ ಅಳತೆಯಲ್ಲಿ ಕಟ್ಟೆಯ ಎತ್ತರವನ್ನು ಕಳೆಯಿರಿ. ತಿಂಗಳ 1 ಮತ್ತು 15ರಂದು, ಬೆಳಿಗ್ಗೆ ಮೋಟಾರು ಹಾಕುವ ಮುನ್ನ ಅಳೆದು ತಾರೀಕು ಸಮೇತ ಬರೆದಿಡಿ. ಜೊತೆಗೆ ತಾಲೂಕಿನ ಮಳೆ ಲೆಕ್ಕವನ್ನೂ, ಗಣಿಯಿಂದ ಬಹಳ ದೂರದಲ್ಲಿರುವ ಒಂದು ಬಾವಿಯ ಅಳತೆಯನ್ನೂ ಬರೆಯಿರಿ. ಆ ಬಾವಿ ನಿಮ್ಮ ಬಾವಿಯಂಥ ಮರಳುಗಲ್ಲಿನಲ್ಲೇ ಇರಲಿ. ವಣಿಯ ಸುತ್ತ ದಖ್ಖನ್ನಿನ ಕಪ್ಪುಕಲ್ಲೂ ಇದೆ, ಅದರ ಬಾವಿಯ ನಡೆಯೇ ಬೇರೆ.

ಮಳೆ ಕೈಕೊಟ್ಟದ್ದಾದರೆ ಎರಡೂ ಬಾವಿ ಇಳಿಯುತ್ತವೆ, ಒಳ್ಳೆ ಮಳೆಯಾದ ವರ್ಷದ ನವೆಂಬರಿಗೆ ಎರಡೂ ಮೇಲೇರುತ್ತವೆ. ಗಣಿಯ ಸೆಳೆತವಾದರೆ ಒಳ್ಳೆ ಮಳೆಯಾದರೂ ನಿಮ್ಮ ಬಾವಿಯ ನವೆಂಬರ್ ಮಟ್ಟ ವರ್ಷದಿಂದ ವರ್ಷಕ್ಕೆ ತಗ್ಗುತ್ತಲೇ ಹೋಗುತ್ತದೆ. ಬೇಸಿಗೆಯ ಮಟ್ಟಕ್ಕಿಂತ ನವೆಂಬರಿನದ್ದೇ ಹೆಚ್ಚು ಹೇಳುತ್ತದೆ.

ಈ ಅಳತೆಯನ್ನು ಹೋಲಿಸಲು ಕಾಗದಪತ್ರವೂ ಇದೆ. ಗಣಿಯ ಪರಿಸರ ಪರಿಣಾಮ ವರದಿಯಲ್ಲಿ, ಅಗೆತ ಶುರುವಾಗುವ ಮುಂಚೆ ಸುತ್ತ 10 ಕಿ.ಮೀ.ನಲ್ಲಿ ಆಯ್ದ ಬಾವಿಗಳ ಮಟ್ಟವನ್ನು ಬರೆದಿರುತ್ತಾರೆ. ಪರಿಸರ ಅನುಮತಿಯ ಷರತ್ತಿನ ಪ್ರಕಾರ ನೀರಿನ ಮಟ್ಟ, ಗುಣ ಎರಡನ್ನೂ ವರ್ಷಕ್ಕೆ ನಾಲ್ಕು ಸಲ, ಅಂದರೆ ಬೇಸಿಗೆಯ ಏಪ್ರಿಲ್–ಮೇ, ಆಗಸ್ಟ್, ನವೆಂಬರ್, ಜನವರಿಯಲ್ಲಿ ನೋಡಿ, ಆರು ತಿಂಗಳಿಗೊಮ್ಮೆ ಪಾಲನಾ ವರದಿ ಸಲ್ಲಿಸಬೇಕು. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ನೋಟುಬುಕ್ಕಿನ ತಾರೀಕುಗಳೂ ಆ ನಾಲ್ಕು ತಿಂಗಳಿಗೆ ಹೊಂದಿದರೆ ಜಿಲ್ಲಾಧಿಕಾರಿಗಳ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಆಳದ ಬೋರಿನ ವಿಷಯದಲ್ಲಿ ಅವಸರ ಬೇಡ. ಕಾಮ್ಠಿ ದಾಟಿ ಬರಾಕರ್ ಪದರಕ್ಕೆ ಇಳಿದರೆ ಗಣಿಯೂ ಅದೇ ಪದರದಿಂದ ಎಳೆಯುತ್ತಿರುತ್ತದೆ, ನೀರು ಮತ್ತೆ ಕೈಬಿಡಬಹುದು. ಅಲ್ಲಿನ ನೀರಿಗೆ ಕಬ್ಬಿಣವೋ ಕೊಳೆತ ಮೊಟ್ಟೆಯ ವಾಸನೆಯೋ ಇರುವುದೂ ಉಂಟು. ಆಳದ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬನೇಟ್ ಹೆಚ್ಚು ಇದ್ದರೆ ಫ್ಲೋರೈಡೂ ಏರುತ್ತದೆ. ಪಕ್ಕದ ಚಂದ್ರಾಪುರ ಜಿಲ್ಲೆಯಲ್ಲಿ ಫ್ಲೋರೈಡಿನ ತೊಂದರೆ ಮೊದಲಿಂದಲೂ ಇದೆ.

ಪ್ರಶ್ನೆ: ಬಾವಿಯಿಂದ ಸೇದಿದಾಗ ನೀರು ತಿಳಿಯಾಗಿರುತ್ತದೆ, ಕೊಡದಲ್ಲಿ ಒಂದು ಗಂಟೆ ಇಟ್ಟರೆ ಕೆಂಪಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರಂತೂ ತಕ್ಷಣ ಕೆಂಪು. ಪೌಡರ್ ಕೆಟ್ಟದ್ದೇ? (ಪೆದ್ದಪಲ್ಲಿ ಜಿಲ್ಲೆ)

ಪೌಡರ್ ಚೆನ್ನಾಗಿಯೇ ಇದೆ, ನೀರಿನಲ್ಲಿ ಕರಗಿದ ಕಬ್ಬಿಣವಿದೆ. ಎರಡು ಚಿಗುರು ಸೀಬೆ ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿ. ಎಲೆಯ ಒಗರು ಕಬ್ಬಿಣಕ್ಕೆ ಸೇರಿ ಕೆಲವೇ ನಿಮಿಷದಲ್ಲಿ ನೀರು ಕಪ್ಪುನೇರಳೆಗೆ ತಿರುಗುತ್ತದೆ. ಆ ನೀರಿನಲ್ಲಿ ಮಾಡಿದ ಚಹಾ ಮಸಿಯಂತಾಗುವುದೂ ಇದೇ ಕಾರಣಕ್ಕೆ. ಮಾನದಂಡದ ಮಿತಿ ಲೀಟರಿಗೆ 1 ಮಿ.ಗ್ರಾಂ.

ಒಂದು ಮಿ.ಗ್ರಾಂ ಕಬ್ಬಿಣ ಸುಮಾರು 0.64 ಮಿ.ಗ್ರಾಂ ಕ್ಲೋರಿನ್ ನುಂಗುತ್ತದೆ, ರೋಗಾಣು ಕೊಲ್ಲಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ಕಬ್ಬಿಣ ತೆಗೆಯಿರಿ, ಕ್ಲೋರಿನ್ ಆಮೇಲೆ. ತೂತು ಕೊರೆದ ಮೂರು ತಟ್ಟೆಗಳನ್ನು 30 ಸೆಂ.ಮೀ. ಅಂತರದಲ್ಲಿ ಒಂದರ ಕೆಳಗೊಂದು ಕಟ್ಟಿ, ಅವುಗಳಲ್ಲಿ ಇದ್ದಿಲ ತುಂಡು ಹರಡಿ, ನೀರು ಹನಿಹನಿಯಾಗಿ ಬೀಳಲಿ. ಗಾಳಿ ತಾಗಿ ಕಬ್ಬಿಣ ತುಕ್ಕಾಗುತ್ತದೆ. ಡ್ರಮ್ಮಿನಲ್ಲಿ ರಾತ್ರಿಯಿಡೀ ತಂಗಿಸಿ, ಮೇಲಿನ ನೀರನ್ನು 60 ಸೆಂ.ಮೀ. ತೊಳೆದ ಮರಳು, ಅದರಡಿ 20 ಸೆಂ.ಮೀ. ಜಲ್ಲಿ ಇರುವ ಇನ್ನೊಂದು ಡ್ರಮ್ಮಿನ ಮೂಲಕ ಬಿಡಿ. ಹೊಸ ಮರಳು ಮೊದಲ ಕೆಲವು ದಿನ ಅಷ್ಟು ಹಿಡಿಯದು, ಅದರ ಕಾಳಿಗೆ ತುಕ್ಕಿನ ಲೇಪ ಕೂತ ಮೇಲೆ ಚೆನ್ನಾಗಿ ಹಿಡಿಯುತ್ತದೆ. ನೀರಿಳಿಯುವುದು ನಿಧಾನವಾದಾಗ ಮೇಲಿನ ಎರಡು ಮೂರು ಸೆಂ.ಮೀ. ಮಾತ್ರ ಕೆರೆದು ತೊಳೆಯಿರಿ. ಎಲ್ಲ ಮರಳನ್ನೂ ಫಳಫಳ ತೊಳೆದರೆ ಆ ಲೇಪವೂ ಹೋಗುತ್ತದೆ.

ಪಿಎಚ್ 7ಕ್ಕಿಂತ ಕಡಿಮೆಯಿದ್ದರೆ ಗಾಳಿಯ ಕೆಲಸ ತೀರ ನಿಧಾನ. ಪೈಪಿನಲ್ಲಿ ಕಪ್ಪು ಲೋಳೆ, ಬಟ್ಟೆಯ ಮೇಲೆ ಕಪ್ಪು ಕಲೆ ಕಂಡರೆ ಅದು ಮ್ಯಾಂಗನೀಸ್. ಪಿಎಚ್ 9ರ ಆಸುಪಾಸಿಗೆ ಹೋಗದೆ ಅದು ಬರೀ ಗಾಳಿಗೆ ಜಗ್ಗುವುದಿಲ್ಲ, ಅದಕ್ಕೆ ಬೇರೆ ಫಿಲ್ಟರ್ ಬೇಕು. ಮೇಲಿನ ಡ್ರಮ್ಮಿನಿಂದ ಅದೂ ಹೋಯಿತೆಂದು ಭಾವಿಸಬೇಡಿ.

ಪ್ರಶ್ನೆ: ನಮ್ಮ ಕಾಲೊನಿಗೆ ಹಳೇ ಗಣಿಯಲ್ಲಿ ನಿಂತ ನೀರನ್ನು ಫಿಲ್ಟರ್ ಮಾಡಿ ಬಿಡುತ್ತಾರೆ. ‘ನೀರು ಮಾನದಂಡದೊಳಗಿದೆ’ ಎನ್ನುತ್ತಾರೆ. ಕುಡಿಯಬಹುದೇ? (ಧನ್‌ಬಾದ್)

ಯಾವ ಮಾನದಂಡ ಎಂದು ಕೇಳಿ. ಗಣಿಯಿಂದ ಹೊರಬಿಡುವ ನೀರಿಗೆ ತೇಲುಕಣ 100 ಮಿ.ಗ್ರಾಂ, ಪಿಎಚ್ 5.5ರಿಂದ 9 ಇದ್ದರೂ ನಡೆಯುತ್ತದೆ. ಅದು ಹಳ್ಳಕ್ಕೆ ಬಿಡುವ ಅರ್ಹತೆ. ಕುಡಿಯುವ ನೀರಿಗೆ ಐಎಸ್ 10500ರ ವರದಿಯೇ ಬೇಕು.

ನಿಮ್ಮ ಪಕ್ಕದ ಝರಿಯಾ ಗಣಿ ಸೀಮೆಯಲ್ಲಿ ಗಣಿಗಾರಿಕೆ ನಡೆದು ನೂರು ವರ್ಷ ಮೀರಿದೆ, 1916ರಿಂದ ನೆಲದಡಿ ಬೆಂಕಿಯೂ ಇದೆ. ಹಳೇ ಸುರಂಗಗಳು ಒಂದಕ್ಕೊಂದು ತೂರಿಕೊಂಡಿವೆ, ಮೇಲಿನ ಬಸ್ತಿಯ ಚರಂಡಿ ನೀರು ಬಿರುಕಿನಲ್ಲಿ ಇಳಿದು ಅದಕ್ಕೆ ಸೇರಬಹುದು. ಪ್ರೆಷರ್ ಫಿಲ್ಟರ್ ಕಲಕನ್ನು ತೆಗೆಯುತ್ತದೆ. ಗಡಸು, ಸಲ್ಫೇಟ್ ಹಾಗೆಯೇ ಉಳಿಯುತ್ತವೆ, ರೋಗಾಣುವನ್ನೂ ಅದು ನಂಬುವಷ್ಟು ತಡೆಯುವುದಿಲ್ಲ. ಮೈಥಾನ್ ಅಣೆಕಟ್ಟೆಯ ನೀರು ಸಿಗುವ ಓಣಿಯಾದರೆ ಕುಡಿಯಲು ಅದನ್ನೇ ಹಿಡಿಯಿರಿ.

ಬೇರೆ ದಾರಿಯಿಲ್ಲದಿದ್ದರೆ ಟ್ಯಾಂಕಿಗೆ ನೀವೇ ಕ್ಲೋರಿನ್ ಹಾಕಿ. 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ. ತೆರೆದ ಬಾವಿಯಾದರೆ ಅಡ್ಡಳತೆಯ ವರ್ಗವನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಪೌಡರ್ 70 ಗ್ರಾಂ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬಕೆಟ್ಟಿನ ಮುಕ್ಕಾಲಿಗೆ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ. ತಳದಲ್ಲಿ ಕೂರುವುದು ಸುಣ್ಣ, ಅದನ್ನೂ ಸುರಿದರೆ ಮೊದಲೇ ಗಡಸಾದ ನೀರು ಇನ್ನಷ್ಟು ಗಡಸಾಗುತ್ತದೆ. ಒಂದು ಗಂಟೆಯ ನಂತರ ಕ್ಲೋರೊಸ್ಕೋಪಿನಲ್ಲಿ (ಉಳಿದ ಕ್ಲೋರಿನ್ ಅಳೆಯುವ ಸಾಧನ) 0.5 ಮಿ.ಗ್ರಾಂ ತೋರಿಸಬೇಕು. ತೋರಿಸದಿದ್ದರೆ ಪುಡಿ ಹಳೆಯದಿರಬೇಕು, ಇಲ್ಲವೇ ಕಬ್ಬಿಣವೋ ಕೊಳೆಯೋ ಕ್ಲೋರಿನ್ ನುಂಗಿರಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಬೇಗ ಸಪ್ಪೆಯಾಗುತ್ತದೆ. ಆರ್ಸೆನಿಕ್, ಸೀಸ, ನಿಕ್ಕಲ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಲು ಕಾಲೊನಿಯವರೆಲ್ಲ ಸೇರಿ ಒತ್ತಾಯಿಸಿ.

ಪ್ರಶ್ನೆ: ಗಣಿಯಿಂದ ಕಾಲುವೆಗೆ ಬಿಡುವ ನೀರನ್ನು ಹತ್ತಿಗೂ ಮೆಣಸಿನಕಾಯಿಗೂ ಹಾಯಿಸುತ್ತೇವೆ. ಎರೆ ಹೊಲ ಈಚೆಗೆ ನೀರನ್ನೇ ಕುಡಿಯುತ್ತಿಲ್ಲ. ಜಿಪ್ಸಂ ಹಾಕಿ ಎನ್ನುತ್ತಾರೆ. (ಕೊತ್ತಗೂಡೆಂ ಕಡೆ)

ಜಿಪ್ಸಂ ಎಲ್ಲ ಗಣಿ ನೀರಿಗೂ ಮದ್ದಲ್ಲ. ಮಣ್ಣಿನ ಗುಡ್ಡೆ ತೊಳೆದು ಬಂದ ನೀರಿನಲ್ಲಿ ಆಗಲೇ ಕ್ಯಾಲ್ಸಿಯಂ ಸಲ್ಫೇಟ್ ತುಂಬಿರುತ್ತದೆ, ಅಂದರೆ ಜಿಪ್ಸಮ್ಮೇ. ಅಲ್ಲಿ ಮತ್ತೆ ಹಾಕುವುದು ದಂಡ. ಆಳದ ಪದರದಿಂದ ಎತ್ತಿದ ನೀರಿನಲ್ಲಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರಬಹುದು. ಎರೆ ಮಣ್ಣನ್ನು ಮುಚ್ಚಿಬಿಡುವುದು ಅದು.

ನೀರಿನ ವರದಿ ತೆಗೆದುಕೊಂಡು ಬೈಕಾರ್ಬನೇಟನ್ನು 61ರಿಂದ, ಕ್ಯಾಲ್ಸಿಯಮ್ಮನ್ನು 20ರಿಂದ, ಮೆಗ್ನೀಸಿಯಮ್ಮನ್ನು 12ರಿಂದ ಭಾಗಿಸಿ. ಮೊದಲನೆಯದರಿಂದ ಉಳಿದೆರಡನ್ನು ಕಳೆಯಿರಿ (ಕಾರ್ಬನೇಟ್ ಇದ್ದರೆ ಅದನ್ನು 30ರಿಂದ ಭಾಗಿಸಿ ಬೈಕಾರ್ಬನೇಟ್‌ಗೆ ಕೂಡಿಸಿ). ಬರುವುದೇ ಆರ್‌ಎಸ್‌ಸಿ, ಅಂದರೆ ಉಳಿಕೆ ಸೋಡಿಯಂ ಕಾರ್ಬನೇಟ್. 1.25ರೊಳಗಿದ್ದರೆ ನಿಶ್ಚಿಂತೆ, 2.5 ದಾಟಿದರೆ ಆ ನೀರು ಹಾಗೆಯೇ ಹೊಲಕ್ಕೆ ಸಲ್ಲದು. ಬೈಕಾರ್ಬನೇಟ್ 427, ಕ್ಯಾಲ್ಸಿಯಂ 40, ಮೆಗ್ನೀಸಿಯಂ 24 ಇದ್ದರೆ 7ರಿಂದ 2, 2 ಕಳೆದು 3. ಒಂದು ಎಕರೆಗೆ 5 ಸೆಂ.ಮೀ. ನೀರು ಹಾಯಿಸಿದರೆ ಆರ್‌ಎಸ್‌ಸಿಯನ್ನು ಒಂದು ಅಂಕಿ ಇಳಿಸಲು 17.5 ಕೆ.ಜಿ. ಶುದ್ಧ ಜಿಪ್ಸಂ ಬೇಕು. 3ನ್ನು 1ಕ್ಕೆ ತರಲು 35 ಕೆ.ಜಿ., ಶೇ. 75 ಶುದ್ಧತೆಯ ಚೀಲವಾದರೆ ಪ್ರತಿ ಹಾಯಿಸುವಿಕೆಗೆ 46–47 ಕೆ.ಜಿ. ಆರ್‌ಎಸ್‌ಸಿ ಸೊನ್ನೆಯಾಗಿದ್ದು ವಾಹಕತೆ 2250 ದಾಟಿದ್ದರೆ ತೊಂದರೆ ಬರೀ ಉಪ್ಪಿನದು. ಬಸಿಗಾಲುವೆ ತೆಗೆಯಿರಿ, ಮೆಣಸಿನಕಾಯಿಗೆ ಆ ನೀರು ಬೇಡ, ಹತ್ತಿ ತಡೆದುಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇರಬಹುದು. ನೀರಿನೊಡನೆ ಬಂದ ಕಲ್ಲಿದ್ದಲ ನುಣ್ಣನೆಯ ಪುಡಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಮೇಲಿನ ಪದರವನ್ನು ಬೆರಳಲ್ಲಿ ಉಜ್ಜಿ, ಮಸಿ ಹತ್ತಿದರೆ ಹೊಲದ ತಲೆಯಲ್ಲಿ ನೀರು ತಂಗಿ ತಿಳಿಯಾಗುವ ಗುಂಡಿ ಮಾಡಿ.

ಪ್ರಶ್ನೆ: ಇಲ್ಲಿ ಗಣಿ ಹತ್ತಿರದ ತೊರೆ ಹುಳಿಯಾಗಿದೆ, ಮೀನೇ ಇಲ್ಲ. ಸುಣ್ಣದ ಕಲ್ಲು ಹಾಕಿದರೆ ಸರಿಹೋಗುವುದೇ? (ಮೇಘಾಲಯ)

ಜೈಂತಿಯಾ ಬೆಟ್ಟದ ಕಲ್ಲಿದ್ದಲು ಗೊಂಡ್ವಾನಾದ್ದಲ್ಲ, ಎಷ್ಟೋ ಎಳೆಯದು, ಗಂಧಕ ಹೆಚ್ಚು. ಅಲ್ಲಿ ನೀರು ನಿಜಕ್ಕೂ ಆಮ್ಲ. ಸುಣ್ಣದ ಕಲ್ಲಿನ ಕಾಲುವೆ ಶುರುವಿನಲ್ಲಿ ಕೆಲಸ ಮಾಡುತ್ತದೆ, ಆಮೇಲೆ ಕಲ್ಲಿನ ಮೈಗೆ ಕಬ್ಬಿಣದ ಹಳದಿ ಪೊರೆ ಕಟ್ಟಿ ನಿಲ್ಲುತ್ತದೆ. ಇಳಿಜಾರು ಹೆಚ್ಚಿದ್ದರೆ ನೀರಿನ ರಭಸಕ್ಕೆ ಪೊರೆ ಸ್ವಲ್ಪ ಉದುರುತ್ತದೆ. ಅರಳಿದ ಸುಣ್ಣವಾದರೆ, ಲ್ಯಾಬ್ ಹೇಳುವ ಆಮ್ಲತೆಯನ್ನು 0.74ರಿಂದ ಗುಣಿಸಿ. ಆಮ್ಲತೆ 300 ಇದ್ದರೆ 1,000 ಲೀಟರಿಗೆ ಸುಮಾರು 222 ಗ್ರಾಂ. ಕೆಳಗೆ ಕೂರುವ ಕೆಸರನ್ನು ತೆಗೆದು ಹಾಕಲು ಜಾಗವಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಅಷ್ಟಾದರೂ ಸಲ್ಫೇಟ್ ಉಳಿಯುತ್ತದೆ, ಕುಡಿಯುವ ನೀರಾಗುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಗಣಿಯಿಲ್ಲ, ಕಲ್ಲಿದ್ದಲ ಬೂದಿಯ ಹೊಂಡವಿದೆ. ಬಾವಿ ಉಪ್ಪಾಗಿದ್ದು ಅದರಿಂದಲೇ? (ರಾಯಚೂರು ಜಿಲ್ಲೆ)

ಬೂದಿಯಿಂದ ಇಳಿದ ನೀರಿನಲ್ಲಿ ಸಲ್ಫೇಟ್, ಬೋರಾನ್ ಎರಡೂ ಒಟ್ಟಿಗೆ ಏರಿರುತ್ತವೆ. ರಾಯಚೂರಿನ ಕಗ್ಗಲ್ಲಿನಲ್ಲಿ ಫ್ಲೋರೈಡ್ ಸಹಜವಾಗಿಯೇ ಇದೆ, ಕಾಲುವೆ ನೀರಾವರಿಯ ಜವಳಿನಿಂದ ಕ್ಲೋರೈಡ್, ಗೊಬ್ಬರದಿಂದ ನೈಟ್ರೇಟ್ ಬರುತ್ತವೆ. ಆದ್ದರಿಂದ ಹೊಂಡಕ್ಕಿಂತ ಎತ್ತರದ ಒಂದು ಬಾವಿ, ತಗ್ಗಿನ ಎರಡು ಬಾವಿಗಳ ನೀರನ್ನು ಒಂದೇ ದಿನ ತೆಗೆದು ಬೋರಾನ್ ಸೇರಿಸಿ ಪರೀಕ್ಷಿಸಿ. ತಗ್ಗಿನ ಬಾವಿಗಳಲ್ಲಿ ಮಾತ್ರ ಬೋರಾನ್, ಸಲ್ಫೇಟ್ ಏರಿದ್ದರೆ ಬೂದಿಯ ಕಡೆ ಬೆರಳು ತೋರಿಸಬಹುದು. ಕ್ಲೋರೈಡ್, ನೈಟ್ರೇಟ್ ಮಾತ್ರ ಏರಿದ್ದರೆ ಕಾರಣ ಬೇರೆ. ನಿಂಬೆ ಗಿಡದ ಎಲೆಯಂಚು ಸುಟ್ಟಂತಾಗಿದ್ದರೆ ಬರೆದು ತಿಳಿಸಿ, ಬೋರಾನಿಗೆ ಅದು ಬೇಗ ಸೋಲುತ್ತದೆ.

ಪ್ರಶ್ನೆ: ಬಿಟ್ಟುಹೋದ ಗಣಿ ಗುಂಡಿಯಲ್ಲಿ ಕೆರೆಯಷ್ಟು ನೀರಿದೆ. ಪಂಪ್ ಇಡಬಹುದೇ? (ಗೋದಾವರಿಖನಿ)

ಇಡಬಹುದು, ಆದರೆ ಎಲ್ಲಿಂದ ಎಳೆಯುತ್ತೀರಿ ಎಂಬುದು ಮುಖ್ಯ. ಆಳದ ಗುಂಡಿಯ ತಳದ ನೀರಿಗೆ ಗಾಳಿ ಸಿಗುವುದಿಲ್ಲ, ಕಬ್ಬಿಣ, ಮ್ಯಾಂಗನೀಸ್, ಕೊಳೆತ ವಾಸನೆ ಅಲ್ಲೇ ಸೇರುತ್ತವೆ. ಪೈಪಿನ ಬಾಯನ್ನು ಖಾಲಿ ಡ್ರಮ್ಮುಗಳ ತೆಪ್ಪಕ್ಕೆ ಕಟ್ಟಿ, ಮೇಲಿನಿಂದ ಒಂದೂವರೆ ಮೀಟರ್ ಒಳಗೆ ಇರುವಂತೆ ತೇಲಿಸಿ. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು ಎರಡೂ ಬೆರೆಯಬಹುದು, ಆಗ ನೀರಿನ ಬಣ್ಣ ಬದಲಾದರೆ ಕೆಲವು ದಿನ ನಿಲ್ಲಿಸಿ. ಬೂದಿ ತುಂಬಿದ ಗುಂಡಿಯಾದರೆ ಪರೀಕ್ಷೆಯಾಗದೆ ಮುಟ್ಟಬೇಡಿ. ಗುಂಡಿಯ ಗೋಡೆ ಕಡಿದಾಗಿ ಕುಸಿಯುವಂಥದ್ದು, ಮಕ್ಕಳು ಈಜಲು ಇಳಿಯದಂತೆ ಬೇಲಿ ಹಾಕಿಸಿ. ಪಕ್ಕದಲ್ಲಿ ಹಳೇ ಸುರಂಗದ ಬಾಯೋ ಪಾಳುಬಾವಿಯೋ ಇದ್ದರೆ ಫುಟ್‌ವಾಲ್ವ್ ಸಿಕ್ಕಿಕೊಂಡಿತೆಂದು ಒಳಗೆ ಇಳಿಯಲೇಬಾರದು. ಅಲ್ಲಿ ಆಮ್ಲಜನಕವಿಲ್ಲದ ಗಾಳಿ ಬಣ್ಣವಿಲ್ಲದೆ, ವಾಸನೆಯಿಲ್ಲದೆ ನಿಂತಿರುತ್ತದೆ, ಇಳಿದವರನ್ನು ಎತ್ತಲು ಹೋದವರೂ ಉಳಿಯುವುದಿಲ್ಲ. ವಾಲ್ವ್ ಹೋದರೆ ಹೋಗಲಿ, ಹಗ್ಗ ಕತ್ತರಿಸಿ ಹೊಸದು ಹಾಕಿ.